ನಿಲ್ಲಬಲ್ಲ ದಿನ, ನಿಲ್ಲಲಾಗದ ದಿನ

ಕಣ್ಣಿಗೆ ಕಾಣುವ ಅಂಗವೈಕಲ್ಯಕ್ಕೆ ಸಮಾಜವು ಕರುಣೆ ತೋರುತ್ತದೆ. ಕಾಣದ ವೈಕಲ್ಯದಿಂದ ಪುರಾವೆ ಕೇಳುತ್ತದೆ. ಕಾಪುವಿನಲ್ಲಿರುವ ನಮ್ಮ ಕುಟುಂಬ ಇದನ್ನು ಹಲವು ವರ್ಷಗಳಿಂದ ಅನುಭವಿಸುತ್ತಾ ಬಂದಿದೆ. ನಮ್ಮ ಅಣ್ಣನವರಿಗೆ ಮಲ್ಟಿಪಲ್ ಸ್ಕ್ಲೀರೋಸಿಸ್ ಎಂಬ ನರರೋಗವಿದೆ. ದೇಹದ ರಕ್ಷಣಾ ವ್ಯವಸ್ಥೆಯೇ ಮೆದುಳು ಮತ್ತು ಬೆನ್ನುಹುರಿಯ ನರಗಳ ಹೊದಿಕೆಯನ್ನು ಹಾಳುಗೆಡಹುವ ಕಾಯಿಲೆಯಿದು. ಕೆಲವು ಕಾಲ ಶಾಂತವಾಗಿದ್ದು ಮತ್ತೆ ಮರುಕಳಿಸುತ್ತದೆ. ಸೆಖೆ ಏರಿದರೆ ಕಾಲಿನ ಬಲ ಇಳಿಯುತ್ತದೆ. ನಮ್ಮ ಕರಾವಳಿಯ ಎಪ್ರಿಲ್ ಮತ್ತು ಮೇ ತಿಂಗಳುಗಳು ಅವರ ಪಾಲಿಗೆ ಅತ್ಯಂತ ಕಠಿಣ. ಇಂದು ಮಸೀದಿಗೆ ನಡೆದು ಹೋದವರು ನಾಳೆ ಬಚ್ಚಲುಮನೆಗೂ ಗೋಡೆ ಹಿಡಿದು ಹೋಗಬೇಕಾಗುತ್ತದೆ.

ಇಂತಹವರನ್ನು ನಮ್ಮ ದೇಶದ ಕಾನೂನು ತಡವಾಗಿಯಾದರೂ ಗುರುತಿಸಿದೆ. 1995ರ ಕಾಯ್ದೆಯಲ್ಲಿ ಏಳು ಬಗೆಯ ಅಂಗವೈಕಲ್ಯಗಳಷ್ಟೇ ಇದ್ದವು. 2016ರ ವಿಕಲಚೇತನರ ಹಕ್ಕುಗಳ ಕಾಯ್ದೆಯು ಆ ಪಟ್ಟಿಯನ್ನು 21ಕ್ಕೆ ಏರಿಸಿ, ಮಲ್ಟಿಪಲ್ ಸ್ಕ್ಲೀರೋಸಿಸ್, ಪಾರ್ಕಿನ್ಸನ್ ಮುಂತಾದ ದೀರ್ಘಕಾಲೀನ ನರರೋಗಗಳನ್ನೂ ಸೇರಿಸಿತು. ವೈಕಲ್ಯವು ಕನಿಷ್ಠ ಶೇ. 40 ಇದೆಯೆಂದು ಪ್ರಮಾಣಪತ್ರ ದೊರೆತರೆ ಮಾಸಾಶನ ಮೊದಲಾದ ಸೌಲಭ್ಯಗಳಿಗೆ ದಾರಿಯಾಗುತ್ತದೆ. ಆದರೆ ಸ್ಥಿತಿ ಬದಲಾಗಬಹುದಾದ ಕಾಯಿಲೆಗಳಿಗೆ ನಿರ್ದಿಷ್ಟ ಅವಧಿಯ ಪ್ರಮಾಣಪತ್ರ ಕೊಡುವುದುಂಟು. ಅವಧಿ ಮುಗಿಯುವಾಗ ಪುನಃ ವೈದ್ಯರ ಮುಂದೆ ನಿಲ್ಲಬೇಕು. ನಿಲ್ಲಬಲ್ಲ ದಿನವಾಗಿದ್ದರೆ, ನಿಲ್ಲಲಾಗದ ದಿನಗಳನ್ನು ತೋರಿಸುವುದು ಹೇಗೆ?

ಕಳೆದ ಬಾರಿ ಈ ಅವಧಿ ಸಮೀಪಿಸಿದಾಗ, ಜುಮಾ ಮುಗಿಸಿ ಹೊರಬರುತ್ತಿದ್ದ ಅಣ್ಣನವರನ್ನು ಪರಿಚಿತರೊಬ್ಬರು ಕೇಳಿದರು: "ನಡೆದುಕೊಂಡೇ ಬರುತ್ತೀರಲ್ಲ, ಇನ್ನು ಸರಕಾರದ ದುಡ್ಡು ಯಾಕೆ?" ಅವರಲ್ಲಿ ಕೆಡುಕಿನ ಉದ್ದೇಶವಿರಲಿಲ್ಲ. ಆದರೆ ಅಣ್ಣನವರು ಮುಂದಿನ ಶುಕ್ರವಾರ, ಕಾಲಿಗೆ ಬಲವಿದ್ದರೂ ಹೊರಡಲು ಹಿಂಜರಿದರು. ಮಾಸಾಶನದ ಮೊತ್ತ ದೊಡ್ಡದೇನಲ್ಲ. ಆದರೆ ಮಣಿಪಾಲಕ್ಕೆ ಹೋಗಿಬರುವ ಖರ್ಚು ಅದರಿಂದಲೇ ನಡೆಯುತ್ತದೆ. ಅಲ್ಲಾಹನು ದಯಪಾಲಿಸಿದ ಆರೋಗ್ಯದ ಒಂದು ದಿನವು ತನ್ನ ವಿರುದ್ಧದ ಸಾಕ್ಷಿಯಾದೀತು ಎಂದು ಮನುಷ್ಯನು ಹೆದರುವುದು ಎಂತಹ ದುಃಸ್ಥಿತಿ!

ಈ ಪ್ರಶ್ನೆಗೆ ಉತ್ತರ ನಮ್ಮ ನಮಾಝ್‌ನಲ್ಲಿಯೇ ಇದೆ. ಅನಾರೋಗ್ಯದಲ್ಲಿದ್ದ ಇಮ್ರಾನ್ ಬಿನ್ ಹುಸೈನ್(ರ) ಅವರಿಗೆ ಪ್ರವಾದಿ(ಸ) ಕಲಿಸಿದ ನಿಯಮವನ್ನು ನಾವೆಲ್ಲರೂ ಬಲ್ಲೆವು: ನಿಂತು ನಮಾಝ್ ಮಾಡಬೇಕು, ಆಗದಿದ್ದರೆ ಕುಳಿತು, ಅದೂ ಆಗದಿದ್ದರೆ ಮಗ್ಗುಲಲ್ಲಿ ಮಲಗಿ. ನಿನ್ನೆ ನಿಂತವರು ಇಂದು ಕುರ್ಚಿಯಲ್ಲಿ ಕುಳಿತರೆ ಯಾರೂ ಅವರನ್ನು ಸುಳ್ಳುಗಾರರೆನ್ನುವುದಿಲ್ಲ. ಇಂದು ಕುಳಿತವರು ನಾಳೆ ಚೇತರಿಸಿಕೊಂಡು ನಿಂತರೆ, ಕುಳಿತು ಮಾಡಿದ ನಮಾಝ್ ಅಸಿಂಧುವಾಗುವುದೂ ಇಲ್ಲ. ಸಾಮರ್ಥ್ಯವು ದಿನದಿಂದ ದಿನಕ್ಕೆ ಏರಿಳಿಯುತ್ತದೆ ಎಂಬುದನ್ನು ಶರೀಅತ್ ಒಪ್ಪಿದೆ. ಸಫ್‌ನಲ್ಲಿ ನಾವು ಒಪ್ಪುವುದನ್ನು ಮಸೀದಿಯ ಮೆಟ್ಟಿಲಿಳಿದ ಕೂಡಲೇ ಮರೆಯುವುದೇಕೆ?

ಇದೇ ನಿಯಮವು ರೋಗಿಯ ಮೇಲೂ ಹೊಣೆ ಹೊರಿಸುತ್ತದೆ. ನಿಲ್ಲಬಲ್ಲವನು ನಿಲ್ಲಲೇಬೇಕು. ಮರುತಪಾಸಣೆಯ ದಿನ ಗಾಲಿಕುರ್ಚಿಯಲ್ಲಿ ಕುಳಿತೇ ಹೋಗುವುದು ಕ್ಷೇಮ ಎಂದು ಕಾರ್ಕಳದಲ್ಲಿರುವ ನಮ್ಮ ಬಂಧುವೊಬ್ಬರು ಸಲಹೆ ನೀಡಿದರು. ಉಮ್ಮ ಒಪ್ಪಲಿಲ್ಲ. "ಇದ್ದುದನ್ನು ಇದ್ದಂತೆ ಹೇಳಿ. ಹೆಚ್ಚೂ ಬೇಡ, ಕಡಿಮೆಯೂ ಬೇಡ" ಎಂದರು. ಇಲ್ಲದ ವೈಕಲ್ಯವನ್ನು ನಟಿಸಿ ಸೌಲಭ್ಯ ಪಡೆಯುವುದು ಅದೇ ಕಾಯ್ದೆಯ 91ನೇ ಕಲಮಿನಂತೆ ಶಿಕ್ಷಾರ್ಹ ಅಪರಾಧ. ಅಲ್ಲಾಹನ ಬಳಿಯೂ ಅದಕ್ಕೆ ಲೆಕ್ಕವಿದೆ. ಹಾಗೆಯೇ, ಅಭಿಮಾನದಿಂದ "ಏನೂ ತೊಂದರೆಯಿಲ್ಲ" ಎಂದು ಹೇಳಿ ಇರುವ ನೋವನ್ನು ಮುಚ್ಚಿಡುವುದೂ ಸತ್ಯವಲ್ಲ.

ಆದ್ದರಿಂದ ನಾವು ಒಂದು ಪುಸ್ತಕವಿಟ್ಟೆವು. ಎಷ್ಟು ದೂರ ನಡೆದರು, ಎಂದು ಬಿದ್ದರು, ಯಾವ ದಿನ ಕೈಯಿಂದ ಲೋಟ ಜಾರಿತು ಎಂದು ಬರೆಯುತ್ತಾ ಹೋದೆವು. ಒಳ್ಳೆಯ ದಿನಗಳನ್ನೂ ಬರೆದೆವು. ಎಂಆರ್‌ಐ ವರದಿ, ಡಿಸ್ಚಾರ್ಜ್ ಪತ್ರ, ನರರೋಗ ತಜ್ಞರ ಟಿಪ್ಪಣಿಗಳನ್ನು ಒಂದೇ ಕಡತದಲ್ಲಿ ಜೋಡಿಸಿದೆವು. ಅವಧಿ ಮುಗಿಯುವ ಮೊದಲೇ ಅರ್ಜಿ ಸಲ್ಲಿಸಿ ಉಡುಪಿಗೆ ಹೋದೆವು. ಅಣ್ಣನವರು ಕೋಲೂರಿ ತಾವೇ ನಡೆದು ಒಳಹೋದರು. ವೈದ್ಯರು ಆ ಪುಸ್ತಕವನ್ನು ತಾಳ್ಮೆಯಿಂದ ತಿರುವಿ ನೋಡಿದರು. ಪ್ರಮಾಣಪತ್ರ ನವೀಕರಣಗೊಂಡಿತು, ಅಲ್‌ಹಮ್ದುಲಿಲ್ಲಾಹ್.

ನವೀಕರಣ ಸಿಗದಿದ್ದರೂ ದಾರಿ ಮುಚ್ಚುವುದಿಲ್ಲ. ಪ್ರಮಾಣಪತ್ರದ ಬಗೆಗಿನ ತೀರ್ಮಾನದ ವಿರುದ್ಧ ಮೇಲ್ಮನವಿ ಸಲ್ಲಿಸುವ ಹಕ್ಕನ್ನು ಕಾಯ್ದೆಯ 59ನೇ ಕಲಮು ನೀಡಿದೆ. ಗ್ರಾಮ ಪಂಚಾಯತ್‌ಗಳಲ್ಲಿ ಗ್ರಾಮೀಣ ಪುನರ್ವಸತಿ ಕಾರ್ಯಕರ್ತರಿರುತ್ತಾರೆ. ಅವರನ್ನು ವಿಚಾರಿಸಲು ಸಂಕೋಚ ಬೇಡ.

ಇದು ಭಿಕ್ಷೆಯಲ್ಲವೇ ಎಂದು ಕೆಲವರು ನಾಚುತ್ತಾರೆ. ಖಲೀಫಾ ಉಮರ್(ರ) ಅವರು ಬೇಡುತ್ತಿದ್ದ ಅಂಧ ಯಹೂದಿ ವೃದ್ಧರೊಬ್ಬರನ್ನು ಕೈಹಿಡಿದು ಮನೆಗೆ ಕರೆದೊಯ್ದು, ಅವರಿಗೂ ಅವರಂತಹವರಿಗೂ ಬೈತುಲ್ ಮಾಲ್‌ನಿಂದ ನೆರವು ನೀಡಲು ಆಜ್ಞಾಪಿಸಿದರೆಂದು ಇಮಾಮ್ ಅಬೂ ಯೂಸುಫ್‌ರ ಕಿತಾಬುಲ್ ಖರಾಜ್ ದಾಖಲಿಸಿದೆ. ಸಾರ್ವಜನಿಕ ಬೊಕ್ಕಸದಲ್ಲಿ ದುರ್ಬಲರಿಗೆ ಪಾಲಿದೆ. ಅದನ್ನು ಪಡೆಯುವುದು ಬೇಡುವುದಲ್ಲ.

ಜಮಾಅತ್‌ನ ಬಾಂಧವರಲ್ಲಿ ನಮ್ಮದೊಂದು ವಿನಂತಿ. ಇಂತಹ ಸಹೋದರರು ನಡೆದು ಬಂದ ಶುಕ್ರವಾರ ಸಲಾಮ್ ಹೇಳಿ, ಅಲ್ಲಾಹನನ್ನು ಸ್ತುತಿಸಿರಿ. ಅವರು ಬಾರದ ಶುಕ್ರವಾರ ಮನೆಗೆ ಹೋಗಿ ವಿಚಾರಿಸಿರಿ. ಆಗ ಅವರ ಎರಡೂ ದಿನಗಳಿಗೆ ನೀವೇ ಸಾಕ್ಷಿಗಳಾಗುವಿರಿ.