ಸವಾನಾದ ರೈಲ್ವೆ ಅಂಗಳದಲ್ಲಿ ಹೊಗೆ

ಅಮೆರಿಕದ ಜಾರ್ಜಿಯಾ ರಾಜ್ಯದ ಸವಾನಾ. ಪೇಟೆಯ ಪಶ್ಚಿಮ ಅಂಚಿನಲ್ಲಿ ಸೆಂಟ್ರಲ್ ಆಫ್ ಜಾರ್ಜಿಯಾ ರೈಲ್ವೆಯ ಹಳೆಯ ಕಾರ್ಖಾನೆ, ಈಗ ಮ್ಯೂಸಿಯಂ. ಅದರ ಬಯಲಿನಲ್ಲಿ ಇವತ್ತು ಬ್ಲೂಸ್ ಸಂಗೀತ ಮತ್ತು ಬಾರ್ಬೆಕ್ಯೂ ಊಟ. ಇಲ್ಲಿ ಕಲೆ ಓದುತ್ತಿರುವ ಅಕ್ಕನ ಮಗಳು ಕರೆದುಕೊಂಡು ಬಂದಿದ್ದಾಳೆ. ಹಂದಿಮಾಂಸಕ್ಕೂ ದುಃಖದ ಹಾಡಿಗೂ ಇಂಜಿನ್ ರಿಪೇರಿ ಶೆಡ್ಡಿಗೂ ಏನಮ್ಮ ಸಂಬಂಧ ಎಂದು ಕೇಳಿದೆ. “ಮಾಮಾ, ಮೊದಲು ನೆರಳು ಹುಡುಕೋಣ” ಎಂದಳು. ಸರಿಯಾದ ಉತ್ತರವೇ. ಸೆಕೆ ಅಷ್ಟಿದೆ.

*

ಅಂಗಳದಲ್ಲಿ 125 ಅಡಿ ಎತ್ತರದ ಇಟ್ಟಿಗೆ ಚಿಮಣಿ. 1850ರ ದಶಕದ್ದು. ಕಾರ್ಖಾನೆಯ ಒಲೆ, ಬಾಯ್ಲರುಗಳ ಹೊಗೆ ನೆಲದಡಿಯ ಸುರಂಗಗಳಲ್ಲಿ ಹಾದು ಇದರ ಬಾಯಿಗೆ ಬರುತ್ತಿತ್ತು. ಚಿಮಣಿಯ ಬುಡಕ್ಕೆ ಅಂಟಿಕೊಂಡು ಸುತ್ತಲೂ ಪುಟ್ಟ ಬಾಗಿಲುಗಳ ಗೂಡುಗಳು. ಉಗ್ರಾಣವಿರಬೇಕು ಎಂದುಕೊಂಡೆ. ಅಲ್ಲ, ಕೆಲಸಗಾರರ ಪಾಯಖಾನೆ. ಇಷ್ಟು ಗಂಭೀರವಾದ ಗೋಪುರಕ್ಕೆ ಇಷ್ಟು ವ್ಯವಹಾರಜ್ಞಾನದ ಬುಡ ಬೇರೆಲ್ಲೂ ನೋಡಿಲ್ಲ.

ಚಿಮಣಿಯಿಂದ ಈಗ ಹೊಗೆ ಬರುವುದಿಲ್ಲ. ಹೊಗೆಯೆಲ್ಲ ಅದರ ಕೆಳಗೆ ಟ್ರೇಲರುಗಳ ಮೇಲೆ ಮಲಗಿಸಿರುವ, ಮಾಂಸ ಬೇಯಿಸುವ ಕಪ್ಪು ಕಬ್ಬಿಣದ ಡ್ರಮ್ಮುಗಳಿಂದ.

*

ಜನ ಕುರ್ಚಿಗಳನ್ನು ಮನೆಯಿಂದಲೇ ತಂದಿದ್ದಾರೆ. ಮಡಚಿ, ಚೀಲಕ್ಕೆ ತೂರಿಸಿ, ಹೆಗಲಿಗೆ ನೇತುಹಾಕಿಕೊಳ್ಳುವ ಬಗೆಯವು. ವೇದಿಕೆಗೆ ಬೆನ್ನು ಹಾಕಿ ಕೂತವರೂ ಇದ್ದಾರೆ. ಆದರೆ ಗಿಟಾರಿನವರು ಒಂದು ಸುತ್ತು ಮುಗಿಸುವ ಹೊತ್ತಿಗೆ ಸರಿಯಾಗಿ “ಹೋ” ಎಂದು ಮೊದಲು ಕೂಗುವವರು ಆ ಬೆನ್ನು ಹಾಕಿದವರೇ. ಬೆಂಗಳೂರು ಚಾಮರಾಜಪೇಟೆಯ ಕೋಟೆ ಹೈಸ್ಕೂಲು ಮೈದಾನದ ರಾಮನವಮಿ ಕಚೇರಿಗಳಲ್ಲಿ ಹಿಂದಿನ ಸಾಲಿನವರು ಮಗಳ ಮದುವೆ ಮಾತಾಡುತ್ತಲೇ ತಾಳ ತಪ್ಪದೆ ತೊಡೆ ತಟ್ಟುತ್ತಾರಲ್ಲ, ಹಾಗೆ. ಬೆನ್ನು ಹಾಕಿಯೂ ಕೇಳುವುದು ಹೇಗೆಂಬ ಗೊಂದಲ ಇಲ್ಲಿಗೆ ಮುಗಿಯಿತು. ಮುಂದಿನದು ಅಷ್ಟು ಸುಲಭವಿಲ್ಲ.

*

ಹಾಡುಗಾರನಿಗೆ ಹೆಂಡತಿ ಬಿಟ್ಟು ಹೋಗಿದ್ದಾಳೆ, ಕೈಯಲ್ಲಿ ಕಾಸಿಲ್ಲ, ಇನ್ನು ಊರು ಬಿಡಬೇಕು. ಕೇಳುವವರು ಎದ್ದು ಕುಣಿಯುತ್ತಿದ್ದಾರೆ. ಎಪ್ಪತ್ತು ದಾಟಿದ ದಂಪತಿ ಕೈಹಿಡಿದು ಸುತ್ತುತ್ತಿದ್ದಾರೆ, ನಗುತ್ತಿದ್ದಾರೆ.

ಹಾಡಿನ ಕಟ್ಟಡ ಮಾತ್ರ ಬೇಗ ಹಿಡಿತಕ್ಕೆ ಬರುತ್ತದೆ. ನಾಲ್ಕು ಎಣಿಕೆಯ ಹನ್ನೆರಡು ಘಟ್ಟಗಳು ಸೇರಿ ಒಂದು ಸುತ್ತು. ಮೂರೇ ಮೂರು ಸ್ವರಗುಚ್ಛಗಳು, ಅಂದರೆ ಕಾರ್ಡ್‌ಗಳು: ಷಡ್ಜದ ಮೇಲೊಂದು, ಮಧ್ಯಮದ ಮೇಲೊಂದು, ಪಂಚಮದ ಮೇಲೊಂದು. ಸಾಹಿತ್ಯದಲ್ಲಿ ಮೊದಲ ಸಾಲನ್ನು ಎರಡು ಸಲ ಹಾಡಿ ಮೂರನೆಯ ಸಾಲಿನಲ್ಲಿ ತೀರಿಸುತ್ತಾರೆ. ಎರಡನೇ ಸಲ ಹಾಡುವಾಗ ಮುಂದಿನ ಸಾಲು ಹೊಂದಿಸಲು ಸಮಯ ಸಿಗುತ್ತದೆ. ಪ್ರತಿ ಸಾಲಿನ ಕೊನೆಗೆ ಗಿಟಾರು ಉತ್ತರ ಕೊಡಲು ಜಾಗ ಬಿಟ್ಟಿರುತ್ತಾರೆ.

ತೊಡಕು ಗಾಂಧಾರದಲ್ಲಿ. ಹಾಡುವವರು ಹಿಡಿಯುವ ಗಾಂಧಾರ ನಮ್ಮ ಸಾಧಾರಣ ಗಾಂಧಾರಕ್ಕೆ ಹತ್ತಿರ, ಆದರೆ ಅಲ್ಲಿ ನಿಲ್ಲದೆ ಅಂತರ ಗಾಂಧಾರದ ಕಡೆಗೆ ಜಾರುತ್ತಿರುತ್ತದೆ. ಪಿಯಾನೋದ ಮನೆಗಳಲ್ಲಿ ಆ ಸ್ಥಾನವೇ ಇಲ್ಲ. ಗಿಟಾರಿನವರು ತಂತಿಯನ್ನು ಪಕ್ಕಕ್ಕೆ ಎಳೆದೋ, ಬೆರಳಿಗೆ ಗಾಜಿನ ಕೊಳವೆ ತೊಟ್ಟು ತಂತಿಯ ಮೇಲೆ ಜಾರಿಸಿಯೋ ಅದನ್ನು ತಲುಪುತ್ತಾರೆ. ಇಲ್ಲಿಯವರೆಗೆ ಕರ್ನಾಟಕ ಸಂಗೀತದ ಕಿವಿಗೆ ತಕರಾರಿಲ್ಲ, ಗಮಕ ಎಂದು ಒಪ್ಪಿಕೊಳ್ಳುತ್ತದೆ. ಆದರೆ ಅದೇ ಕ್ಷಣ ಕೆಳಗೆ ಕಾರ್ಡ್‌ನಲ್ಲಿ ಅಂತರ ಗಾಂಧಾರ ನೆಟ್ಟಗೆ ಮೊಳಗುತ್ತಿರುತ್ತದೆ! ನಮ್ಮ ಕಚೇರಿಯಲ್ಲಿ ಪಿಟೀಲಿನವರು ಹೀಗೆ ನುಡಿಸಿದರೆ ಗಾಯಕರು ತಿರುಗಿ ನೋಡುತ್ತಾರೆ. ಇಲ್ಲಿ ಆ ಎರಡರ ತಿಕ್ಕಾಟವೇ ರುಚಿ. ಆ ತಿಕ್ಕಾಟ ತೆಗೆದರೆ ಉಳಿಯುವುದು ಸಪ್ಪೆ ಹಾಡು. ಅಳುವ ಗಂಟಲು, ಕುಣಿಸುವ ಲಯ, ಎರಡೂ ಒಟ್ಟಿಗೆ ಇರಬಹುದೆಂದು ಗಾಂಧಾರವೇ ಹೇಳುತ್ತಿರುವಾಗ ಮುದುಕ ದಂಪತಿ ನಗುವುದರಲ್ಲಿ ಏನೂ ತಪ್ಪಿಲ್ಲ.

*

ಊಟ. ಅಕ್ಕನ ಮಗಳು ಸಸ್ಯಾಹಾರಿ, ನಾನಲ್ಲ. ಅವಳ ಪಾಡು: ಬೇಯಿಸಿದ ಬೀನ್ಸ್‌ನಲ್ಲಿ ಹಂದಿ. ಕಾಲರ್ಡ್ ಸೊಪ್ಪಿನಲ್ಲಿ ಹಂದಿಯ ಕಾಲಮೂಳೆ. ಮೆಕ್ಕೆಜೋಳದ ರೊಟ್ಟಿಗೆ ಹಂದಿಕೊಬ್ಬು ಹಾಕಿದ್ದಾರೋ ಎಂದು ಕೇಳಿದರೆ ಅಂಗಡಿಯ ಅಜ್ಜಿಗೆ ಆಶ್ಚರ್ಯ, ಹಾಕದೆ ಇರುತ್ತಾರಾ ಎಂಬಂತೆ ನೋಡಿದರು. ಕಡೆಗೆ ಸಿಕ್ಕಿದ್ದು ಎಲೆಕೋಸಿನ ಕೋಸಂಬರಿಯಂಥದ್ದು, ಸುಟ್ಟ ಜೋಳದ ತೆನೆ, ಪೀಚ್ ಹಣ್ಣಿನ ಕಾಬ್ಲರ್, ಹಲ್ಲು ಜುಮ್ಮೆನ್ನುವಷ್ಟು ಸಕ್ಕರೆಯ ಐಸ್ ಟೀ.

ಡ್ರಮ್ಮಿನ ಪಕ್ಕ ಕುರ್ಚಿ ಹಾಕಿಕೊಂಡು ಒಬ್ಬರು ಕೂತಿದ್ದಾರೆ. ಏನೂ ಮಾಡುತ್ತಿಲ್ಲ. ಮುಚ್ಚಳ ತೆಗೆಯುತ್ತಿಲ್ಲ, ಮಾಂಸ ತಿರುವುತ್ತಿಲ್ಲ. ನಿನ್ನೆ ರಾತ್ರಿಯಿಂದ ಹೀಗೆಯೇ ಅಂತೆ. ಉರಿಯಿಂದ ದೂರದಲ್ಲಿ, ಸುಮಾರು 110 ಡಿಗ್ರಿ ಸೆಲ್ಸಿಯಸ್ ಬಿಸಿಯಲ್ಲಿ, ಹಿಕರಿ ಅಥವಾ ಓಕ್ ಸೌದೆಯ ಹೊಗೆಯಲ್ಲಿ ಹಂದಿಯ ಭುಜದ ಭಾಗ ಹನ್ನೆರಡು ತಾಸಿಗೂ ಹೆಚ್ಚು ಇರಬೇಕು. ದುಡಿದ ಸ್ನಾಯು ಅದು, ಗಟ್ಟಿ. ಒಳಗಿನ ನಾರಿನಂಥ ಕೊಲಾಜೆನ್ ನಿಧಾನಕ್ಕೆ ಕರಗಿ ಜೆಲಾಟಿನ್ ಆದ ಮೇಲೆಯೇ ಬೆರಳಲ್ಲಿ ಎಳೆದರೆ ಎಳೆಎಳೆಯಾಗಿ ಬಿಡುವುದು. ನಡುವೆ ಒಂದು ವಿಚಿತ್ರ. ಒಳಗಿನ ಶಾಖ 70 ಡಿಗ್ರಿಯ ಹತ್ತಿರ ಬಂದು ನಿಂತುಬಿಡುತ್ತದೆ, ತಾಸುಗಟ್ಟಲೆ ಮೇಲೇರುವುದೇ ಇಲ್ಲ. ಮೇಲ್ಮೈಯ ತೇವ ಆವಿಯಾಗಿ ತಂಪು ಮಾಡುತ್ತಿರುತ್ತದೆ, ಒಲೆ ಕೊಟ್ಟ ಬಿಸಿಯೆಲ್ಲ ಅದಕ್ಕೇ ಸರಿಹೋಗುತ್ತದೆ. ಹೊಸಬರು ಗಾಬರಿಯಾಗಿ ಉರಿ ಹೆಚ್ಚಿಸುತ್ತಾರೆ, ಮಾಂಸ ಒಣಗುತ್ತದೆ. ಬಲ್ಲವರು ಕುರ್ಚಿಯಲ್ಲಿ ಕೂರುತ್ತಾರೆ. ಹಾಗಾದರೆ ಈ ಮಹಾಶಯರು ಏನೂ ಮಾಡುತ್ತಿಲ್ಲ ಎಂದು ಮೇಲೆ ಬರೆದದ್ದನ್ನು ಹೊಡೆದು ಹಾಕಬೇಕು. ಇರಲಿ ಬಿಡಿ.

ಸಾಸ್‌ನ ಜಗಳಕ್ಕೆ ನಾನು ಬೀಳುವುದಿಲ್ಲ. ನಾರ್ತ್ ಕೆರೊಲಿನಾದ ಪೂರ್ವ ಭಾಗದವರಿಗೆ ವಿನೆಗರ್ ಮತ್ತು ಮೆಣಸಿನಕಾಯಿ, ಸೌತ್ ಕೆರೊಲಿನಾದ ನಡುನಾಡಿನವರಿಗೆ ಸಾಸಿವೆ, ಕಾನ್ಸಾಸ್ ಸಿಟಿಯವರಿಗೆ ಟೊಮ್ಯಾಟೊ ಮತ್ತು ಕಾಕಂಬಿ, ಉತ್ತರ ಅಲಬಾಮಾದವರಿಗೆ ಮಯೊನೇಸಿನ ಬಿಳಿ ಸಾಸ್. ಒಬ್ಬರದು ಇನ್ನೊಬ್ಬರಿಗೆ ಅಪಚಾರ. ನನಗೆ ಸಾಸಿವೆಯದು ಹಿಡಿಸಿತು.

*

ಹಾರ್ಮೋನಿಕಾದವರು ಒಂದೇ ಉಸಿರಿನಲ್ಲಿ ರೈಲು ಹೊರಡಿಸಿದರು. ಮೊದಲು ನಿಧಾನವಾಗಿ ಗಾಲಿ, ಆಮೇಲೆ ಓಟ, ದೂರದ ಸೀಟಿ. ಒಂದು ಮಗು ನಿಜವಾಗಿಯೂ ಹಳಿಯ ಕಡೆಗೆ ತಿರುಗಿ ನೋಡಿತು. ಆಗ ನನ್ನ ಮೊದಲ ಪ್ರಶ್ನೆ ಸ್ವಲ್ಪ ಸಡಿಲವಾಯಿತು.

ಸಂಗೀತಗಾರ ಡಬ್ಲ್ಯು.ಸಿ. ಹ್ಯಾಂಡಿ ತಮ್ಮ ಆತ್ಮಕಥೆಯಲ್ಲಿ ಬರೆದಿರುವ ಪ್ರಸಂಗವಿದೆ. 1903ರ ಸುಮಾರಿಗೆ ಮಿಸಿಸಿಪಿಯ ಟಟ್‌ವೈಲರ್ ನಿಲ್ದಾಣದಲ್ಲಿ ತಡವಾದ ರೈಲಿಗೆ ಕಾಯುತ್ತ ತೂಕಡಿಸುತ್ತಿದ್ದಾಗ, ಹರಿದ ಬಟ್ಟೆಯ ಒಬ್ಬ ಕಪ್ಪು ಮನುಷ್ಯ ಪಕ್ಕದಲ್ಲಿ ಕೂತು ಗಿಟಾರಿನ ತಂತಿಗೆ ಚಾಕು ಒತ್ತಿ ನುಡಿಸತೊಡಗಿದ. ಎರಡು ರೈಲುಹಳಿಗಳು ಅಡ್ಡ ಹಾಯುವ ಊರಿಗೆ ಹೋಗುತ್ತಿದ್ದೇನೆ ಎಂಬುದೇ ಹಾಡು. ಅದೇ ಸಾಲು ಮತ್ತೆ ಮತ್ತೆ. ಅಂಥ ವಿಚಿತ್ರ ಸಂಗೀತವನ್ನು ಕೇಳಿಯೇ ಇರಲಿಲ್ಲ ಎನ್ನುತ್ತಾರೆ ಹ್ಯಾಂಡಿ. 1912ರಲ್ಲಿ ಅವರು ‘ಮೆಂಫಿಸ್ ಬ್ಲೂಸ್’ ಅಚ್ಚು ಹಾಕಿಸಿದರು. ಆ ಗಿಟಾರಿನವನ ಹೆಸರನ್ನು ಮಾತ್ರ ಯಾರೂ ಬರೆದಿಟ್ಟುಕೊಳ್ಳಲಿಲ್ಲ.

ಹಳಿ ಹಾಕಿದವರೂ ಹಾಡುತ್ತಿದ್ದರು. ಭಾರದ ಗಾಡಿಗಳು ಓಡಿ ಓಡಿ ಹಳಿ ವಾಲುತ್ತದೆ. ಅದನ್ನು ಮತ್ತೆ ನೇರಕ್ಕೆ ತರಲು ಏಳೆಂಟು ಜನ ಹಾರೆ ಕೊಟ್ಟು ಒಂದೇ ಕ್ಷಣಕ್ಕೆ ಮೀಟಬೇಕು. ಒಬ್ಬ ಹಾಡು ಎತ್ತುತ್ತಾನೆ, ಉಳಿದವರು ಪೆಟ್ಟಿಗೆ ಸರಿಯಾಗಿ ಮೀಟುತ್ತಾರೆ. ದಕ್ಷಿಣದ ರಾಜ್ಯಗಳಲ್ಲಿ ಈ ತಂಡಗಳಲ್ಲಿ ಇದ್ದವರು ಹೆಚ್ಚಾಗಿ ಕಪ್ಪು ಜನ. ‘ಗ್ಯಾಂಡಿ ಡ್ಯಾನ್ಸರ್ಸ್’ ಎಂದು ಅವರನ್ನು ಕರೆಯುತ್ತಿದ್ದರು. ಹಾಡಿನ ಲಯ ತಪ್ಪಿದರೆ ಕಬ್ಬಿಣ ಅಲ್ಲಾಡುವುದಿಲ್ಲ. ಇದಕ್ಕಿಂತ ಕಠಿಣ ತಾಳಪರೀಕ್ಷೆ ಇರಲಾರದು.

ಅದೇ ರೈಲಿನಲ್ಲಿ ಅವರು ಪ್ರಯಾಣ ಮಾಡಬೇಕಾದರೆ? 1896ರ ಪ್ಲೆಸಿ ಮೊಕದ್ದಮೆ ಶುರುವಾದದ್ದೇ ರೈಲು ಬೋಗಿಯ ಸೀಟಿನಿಂದ. ಬಿಳಿಯರಿಗೂ ಕಪ್ಪು ಜನರಿಗೂ ಬೇರೆ ಬೇರೆ ಬೋಗಿ ಇಟ್ಟರೆ ತಪ್ಪಿಲ್ಲ ಎಂದು ಸುಪ್ರೀಂ ಕೋರ್ಟು ತೀರ್ಪು ಕೊಟ್ಟಿತು. ಕಪ್ಪು ಜನರ ಬೋಗಿ ಅನೇಕ ಕಡೆ ಇಂಜಿನ್ನಿನ ಬೆನ್ನಿಗೇ ಇರುತ್ತಿತ್ತು, ಹೊಗೆ ಮತ್ತು ಕಿಡಿ ಬೀಳುವ ಜಾಗದಲ್ಲಿ. ಊಟದ ಬೋಗಿಗೆ ಅವರಿಗೆ ಪ್ರವೇಶವಿಲ್ಲದ ಕಡೆ, ಬೂಟಿನ ಖಾಲಿ ಡಬ್ಬದಲ್ಲಿ ಕರಿದ ಕೋಳಿ, ಬೇಯಿಸಿದ ಮೊಟ್ಟೆ ಕಟ್ಟಿಕೊಂಡು ಹೊರಡುತ್ತಿದ್ದರು. ಹಾಗೆ 1910ರಿಂದ 1970ರವರೆಗೆ ಸುಮಾರು 60 ಲಕ್ಷ ಜನ ದಕ್ಷಿಣ ಬಿಟ್ಟು ಹೋದರು. ಬ್ಲೂಸ್ ಗಾಯಕ ಮಡ್ಡಿ ವಾಟರ್ಸ್ 1943ರಲ್ಲಿ ಮಿಸಿಸಿಪಿಯಿಂದ ಷಿಕಾಗೋಕ್ಕೆ ರೈಲು ಹತ್ತಿದರು, ಅಲ್ಲಿ ಗಿಟಾರಿಗೆ ವಿದ್ಯುತ್ ಸೇರಿತು. ಈಗ ವೇದಿಕೆಯ ಮೇಲೆ ಮೊಳಗುತ್ತಿರುವುದು ಆ ರೈಲು ಇಳಿಸಿದ ಸಂಗೀತವೇ. ಬಾರ್ಬೆಕ್ಯೂವಿನ ಕೈಗುಣವೂ ಹೀಗೆಯೇ ಊರೂರಿಗೆ ಹೋಯಿತು. ತೋಟದ ಮಾಲೀಕರ ಹಬ್ಬಗಳಿಗೆ ರಾತ್ರಿಯೆಲ್ಲ ಗುಂಡಿಯ ಮೇಲೆ ಹಂದಿ ಬೇಯಿಸುತ್ತಿದ್ದವರು ಇವರ ಹಿರಿಯರು, ಆಗಿನ ಗುಲಾಮರು.

ಅಕ್ಕನ ಮಗಳಿಗೆ ಇಷ್ಟನ್ನೂ ಹೇಳಿದೆ. “ಹಾಗಾದ್ರೆ ಮೂರಕ್ಕೂ ಸಂಬಂಧ ಇದೆ ಅಂತಾಯ್ತು. ಮಾಮಾ, ಇನ್ನೊಂದು ಟೀ ತರ್ಲಾ?”

*

‘ಸ್ಟೇಟ್ಸ್‌ಬೊರೊ ಬ್ಲೂಸ್’ ಶುರುವಾಗುತ್ತಲೇ ವೇದಿಕೆಗೆ ಬೆನ್ನು ಹಾಕಿದ್ದವರೂ ಕುರ್ಚಿ ತಿರುಗಿಸಿಕೊಂಡರು. ಸ್ಟೇಟ್ಸ್‌ಬೊರೊ ಇಲ್ಲಿಂದ ಕಾರಿನಲ್ಲಿ ಒಂದು ತಾಸು. ಹಾಡನ್ನು 1928ರಲ್ಲಿ ಧ್ವನಿಮುದ್ರಿಸಿದವರು ಜಾರ್ಜಿಯಾದವರೇ ಆದ ಬ್ಲೈಂಡ್ ವಿಲ್ಲಿ ಮ್ಯಾಕ್‌ಟೆಲ್. ಹನ್ನೆರಡು ತಂತಿಯ ಗಿಟಾರು ಅವರದು. ಊರಿನ ಹೆಸರು ಬಂದರೆ ಎದೆಯುಬ್ಬುವುದು ಎಲ್ಲ ಕಡೆಯೂ ಒಂದೇ.

ಇನ್ನೊಂದನ್ನೂ ಬರೆದುಕೊಳ್ಳಬೇಕು. ಕುರ್ಚಿಗಳಲ್ಲಿ ಕೂತವರು ಹೆಚ್ಚಾಗಿ ಬಿಳಿಯರು. ವೇದಿಕೆಯ ಮೇಲೆ ಅರ್ಧ, ಡ್ರಮ್ಮುಗಳ ಬಳಿಯೂ ಸುಮಾರು ಅರ್ಧ. ಯಾರೂ ಯಾರನ್ನೂ ತಡೆದಿಲ್ಲ. ಆದರೂ ಹೀಗಿದೆ. ಯಾಕೆಂದು ಪಕ್ಕದವರನ್ನು ಕೇಳುವ ಧೈರ್ಯ ನನಗೆ ಬರಲಿಲ್ಲ.

*

ಸಂಜೆ ಟರ್ನ್‌ಟೇಬಲ್ ಹತ್ತಿರ ಹೋದೆವು. ಇಂಜಿನ್ನನ್ನು ಬೆನ್ನ ಮೇಲೆ ಹೊತ್ತು ತಿರುಗುವ ಸೇತುವೆ, ಸುತ್ತ ಅರೆವೃತ್ತದಲ್ಲಿ ಇಂಜಿನ್ ನಿಲ್ಲಿಸುವ ಶೆಡ್ಡುಗಳು. ಇಂದಿಗೂ ತಿರುಗುತ್ತದೆ.

ಕಂಪನಿ ಹುಟ್ಟಿದ್ದು 1833ರಲ್ಲಿ. 1843ಕ್ಕೆ ಹಳಿ 190 ಮೈಲಿ ದೂರದ ಮೇಕನ್ ತಲುಪಿತು. ಒಳನಾಡಿನ ಹತ್ತಿಯನ್ನು ಸವಾನಾ ಬಂದರಿಗೆ ತರುವುದೇ ಉದ್ದೇಶ. ಹತ್ತಿ ಬೆಳೆದವರೂ ಗುಲಾಮರು, ಹಳಿಗೆ ಮಣ್ಣು ಹೊತ್ತವರಲ್ಲೂ ಗುಲಾಮರಿದ್ದರು. ಅಂತರ್ಯುದ್ಧದ ಕಾಲದಲ್ಲಿ, 1864ರಲ್ಲಿ, ಉತ್ತರದ ಪಡೆಯ ಜನರಲ್ ಷರ್ಮನ್‌ನ ಸೈನಿಕರು ಜಾರ್ಜಿಯಾದ ಉದ್ದಕ್ಕೂ ಹಳಿ ಕಿತ್ತು, ಬೆಂಕಿಯಲ್ಲಿ ಕಾಯಿಸಿ, ಮರಕ್ಕೆ ಸುತ್ತಿ ಹಾಕುತ್ತ ಬಂದರು. ಕಾರ್ಖಾನೆ ಉಳಿಯಿತು. ಅದನ್ನು ಮುಚ್ಚಿಸಿದ್ದು ಯುದ್ಧವಲ್ಲ, ಡೀಸೆಲ್. 1963ರಲ್ಲಿ ಬೀಗ ಬಿತ್ತು.

ಅದೇ 1963ರಲ್ಲಿ ಹತ್ತಿರದ ವೆಸ್ಟ್ ಬ್ರಾಡ್ ಬೀದಿಯ ಯೂನಿಯನ್ ಸ್ಟೇಷನ್ನನ್ನೂ ಕೆಡವಿದರು, ಐ-16 ಹೆದ್ದಾರಿಯ ಮೇಲ್ಸೇತುವೆಗೆ ಜಾಗ ಬೇಕೆಂದು. ಆ ಬೀದಿ ಸವಾನಾದ ಕಪ್ಪು ಜನರ ವ್ಯಾಪಾರದ ಬೀದಿಯಾಗಿತ್ತು. ಸ್ಟೇಷನ್ ಹೋದ ಮೇಲೆ ಬೀದಿಯೂ ಸೊರಗಿತು. ಈಗ ಅದರ ಹೆಸರು ಮಾರ್ಟಿನ್ ಲೂಥರ್ ಕಿಂಗ್ ಜೂನಿಯರ್ ಬುಲೆವಾರ್ಡ್. ಕಾರ್ಖಾನೆ ಉಳಿದು ಸ್ಟೇಷನ್ ಬಿದ್ದದ್ದರಿಂದ ಹಬ್ಬ ಇಲ್ಲಿ ನಡೆಯುತ್ತಿದೆ. ಈ ಹಾಡುಗಳಿಗೆ ಇಂಜಿನ್ ಶೆಡ್ಡಿಗಿಂತ ಆ ಸ್ಟೇಷನ್ ಹತ್ತಿರದ ನಂಟು ಎಂಬುದು ನನ್ನ ಅಭಿಪ್ರಾಯ. ಹೊರಟವರು ರೈಲು ಹತ್ತುವುದು ಪ್ಲಾಟ್‌ಫಾರಂನಲ್ಲಿ.

ಸವಾನಾಕ್ಕೆ ಹೋಗುವವರಲ್ಲಿ ಒಂದು ವಿನಂತಿ. ಈ ಅಂಗಳದಲ್ಲಿ ಹಾಡು ಕೇಳಿ, ಊಟ ಮಾಡಿ, ಟರ್ನ್‌ಟೇಬಲ್ ತಿರುಗುವುದನ್ನೂ ನೋಡಿ. ಆಮೇಲೆ ಅದೇ ಬುಲೆವಾರ್ಡಿನಲ್ಲಿ ದಕ್ಷಿಣಕ್ಕೆ ಸ್ವಲ್ಪ ನಡೆಯಿರಿ. 460ನೇ ನಂಬರಿನ ಕಟ್ಟಡ ರಾಲ್ಫ್ ಮಾರ್ಕ್ ಗಿಲ್ಬರ್ಟ್ ನಾಗರಿಕ ಹಕ್ಕುಗಳ ಮ್ಯೂಸಿಯಂ. 1914ರಲ್ಲಿ ಕಪ್ಪು ಜನರೇ ತಮ್ಮ ಬ್ಯಾಂಕಿಗಾಗಿ ಕಟ್ಟಿಕೊಂಡ ಕಟ್ಟಡ ಅದು. ಮ್ಯೂಸಿಯಂ ಆಗಿ 1996ರಲ್ಲಿ ತೆರೆಯಿತು.