ಒಂದು ವೋಟು, ಒಂದು ರಸೀದಿ

ಅರಿಶಿನಕ್ಕೆ ನೀರು ಕಟ್ಟುವಾಗ ಹಳೇದೊಂದು ನೆನಪಾಯ್ತು. ಅಪ್ಪನ ಜಮೀನು ನಮ್ಮ ಹೆಸರಿಗೆ ಖಾತೆ ಆಗಲಿ ಅಂತ ಮುಖಂಡರೊಬ್ಬರ ಮನೆ ಮುಂದೆ ಮೂರು ದಿನ ಕೈಕಟ್ಟಿ ನಿಂತಿದ್ದೆ. ಫೋನ್ ಮಾಡಿದರು, ಖಾತೆ ಆಯ್ತು. 'ಎಲೆಕ್ಷನ್‌ನಲ್ಲಿ ಮರೀಬೇಡ ಕಣಪ್ಪ' ಅಂದರು. ಹೂಂ ಅಂದೆ.

ಆಮೇಲೆ ಗೊತ್ತಾಯ್ತು, 2011ರ ಸಕಾಲ ಕಾಯ್ದೆ ಇದೆ. ಅರ್ಜಿ ಕೊಟ್ಟರೆ ನಂಬರ್ ಇರೋ ರಸೀದಿ ಕೊಡಬೇಕು; ಗಡುವು ಮೀರಿದರೆ ದಿನಕ್ಕೆ 20 ರೂಪಾಯಿ ಪರಿಹಾರ ಕೇಳಬಹುದು. ನನ್ನ ಹಕ್ಕಿಗೇ ನಾನು ಋಣ ಹೊತ್ತಿದ್ದೆ.

ಯಳಂದೂರು ಕಡೆಯವರು ಮರೆತಿರಲ್ಲ: 2004ರಲ್ಲಿ ಸಂತೇಮರಹಳ್ಳಿ ಕ್ಷೇತ್ರದಲ್ಲಿ ಧ್ರುವನಾರಾಯಣ್ ಗೆದ್ದದ್ದು, ಎ.ಆರ್. ಕೃಷ್ಣಮೂರ್ತಿ ಸೋತದ್ದು ಒಂದೇ ವೋಟಿನಲ್ಲಿ. 40,752ಕ್ಕೆ 40,751. ಅಷ್ಟು ತೂಕದ ವೋಟನ್ನ ಒಂದು ಫೋನಿಗೆ ಅಡ ಇಟ್ಟಿದ್ದೆ ನಾನು.

ನೀವು ಮೊದಲು ರಸೀದಿ ಇಸ್ಕೊಳ್ಳಿ. ಮುಖಂಡರ ಮನೆಗೆ ಊರಿನ ಕೆರೆ ಕೇಳೋಕೆ ಎಲ್ಲರೂ ಒಟ್ಟಿಗೆ ಹೋಗೋಣ.