ಫ್ಯೂಸ್ ಕೀಳೂ ಹಕ್ಕು ಮಾಲಕರಿಗಿಲ್ರಿ

ಬೈಲಹೊಂಗಲ ಇರ್ಲಿ, ರಾಮದುರ್ಗ ಇರ್ಲಿ, ಬಾಡಿಗಿ ಮನ್ಯಾಗ ಇರೋರು ಕೇಳೂ ಮಾತು ಒಂದ: "ಮುಂದಿನ ತಿಂಗಳಿಂದ ಸಾವಿರ ಹೆಚ್ಚಿಗಿ ಕೊಡ್ರಿ, ಇಲ್ಲಂದ್ರ ಲೈಟ್ ಬಂದ್."

ಕರಾರಿನ ಅವಧಿ ಮುಗಿಯೂತನಕ ಅದರಾಗ ಬರದಿದ್ದ ಬಾಡಿಗಿ; ನಡುವ ಹೆಚ್ಚಿಸಬೇಕಂದ್ರ ಇಬ್ಬರೂ ಒಪ್ಪಬೇಕು. ಕರಾರಿಲ್ಲದ ತಿಂಗಳ ಬಾಡಿಗಿ ಆದ್ರೂ ಮನಿ ಬಿಡಸಾಕ 1882ರ ಆಸ್ತಿ ವರ್ಗಾವಣೆ ಕಾಯ್ದೆ ಪ್ರಕಾರ 15 ದಿನದ ನೋಟಿಸ್ ಬೇಕು. ಆಮ್ಯಾಲೂ ಬಿಡಲಿಲ್ಲಂದ್ರ ಮಾಲಕರು ಕೋರ್ಟಿಗೆ ಹೋಗಬೇಕು, ಕೀಲಿ ಜಡಿಯೂಹಂಗಿಲ್ಲ.

ಲೈಟಿನ ವಿಷಯ? ಮಾಲಕರು ಎನ್‌ಒಸಿ (ಒಪ್ಪಿಗಿ ಪತ್ರ) ಕೊಡಲಿಲ್ಲಂತ ಬಾಡಿಗಿದಾರಗ ವಿದ್ಯುತ್ ತಪ್ಪಿಸೂಹಂಗಿಲ್ಲ ಅಂತ 2022ರಾಗ ಸುಪ್ರೀಂ ಕೋರ್ಟೇ ಹೇಳೇತಿ. 2003ರ ವಿದ್ಯುತ್ ಕಾಯ್ದೆ ಪ್ರಕಾರ ಮನಿ ಮಾಲಕರಷ್ಟ ಅಲ್ಲ, ಅಲ್ಲಿ ವಾಸ ಇರೋರೂ ಕರೆಂಟಿನ ಸಂಪರ್ಕಕ್ಕ ವಿದ್ಯುತ್ ಕಂಪನಿ ಹೆಸ್ಕಾಂಗೆ ಅರ್ಜಿ ಹಾಕಬಹುದು.

ಒಂದ ಕೆಲಸ ಇವತ್ತಿಂದ ಮಾಡ್ರಿ: ಬಾಡಿಗಿ ಕೊಟ್ಟಾಗೊಮ್ಮೆ ರಸೀದಿ ತಗೋರಿ, ಇಲ್ಲಾ ಫೋನ್‌ಪೇ ಮಾಡ್ರಿ. ಬಾಯಿಮಾತು ಕೋರ್ಟಿನ್ಯಾಗ ನಿಲ್ಲೂದು ಕಷ್ಟ.